ಸೋಲೋ ಬರುತ್ತೆ, ಆದರೂ ರಿದಮ್ ಅಭ್ಯಾಸ ಮಾಡಬೇಕಾ?

ಓದುಗರ ಪ್ರಶ್ನೆ: ಎಲೆಕ್ಟ್ರಿಕ್ ಗಿಟಾರ್ ಕಲಿಯಲು ಶುರುಮಾಡಿ ಎರಡು ವರ್ಷ ಆಯಿತು. ಸ್ಕೇಲ್‌ಗಳು ಬರುತ್ತವೆ. ಬ್ಯಾಕಿಂಗ್ ಟ್ರ್ಯಾಕ್ (ಮೊದಲೇ ರೆಕಾರ್ಡ್ ಆದ ಪಕ್ಕವಾದ್ಯ) ಹಾಕಿಕೊಂಡು ವೇಗದ ಸೋಲೋಗಳನ್ನೂ ನುಡಿಸುತ್ತೇನೆ. ಗೆಳೆಯರ ಬ್ಯಾಂಡ್ ಜೊತೆ ಸೇರಿದಾಗ ಮಾತ್ರ ಏನೋ ಸರಿಹೋಗುವುದಿಲ್ಲ. ಡ್ರಮ್ಮರ್ "ನೀನು ಓಡ್ತಿದ್ದೀಯ" ಅಂತಾನೆ. ಕಾರ್ಡ್‌ಗಳೆಲ್ಲ ಗೊತ್ತಿವೆ. ರಿದಮ್ ಅಂದರೆ ಶುರುವಿನಲ್ಲಿ ಕಲಿತು ಮುಗಿಸುವ ವಿಷಯ ಅಲ್ವಾ? ಈಗ ಮತ್ತೆ ಅದಕ್ಕೆ ಸಮಯ ಕೊಡಬೇಕಾ? ಅದಕ್ಕೆ ಬೇರೆ ಗಿಟಾರ್ ಏನಾದರೂ ಬೇಕಾ?

ಉತ್ತರ: ಸಮಯ ಕೊಡಬೇಕು. ಸದ್ಯಕ್ಕಂತೂ ಸೋಲೋಗಿಂತ ಮೊದಲು ಕೊಡಬೇಕು.

ಮೊದಲು ಒಂದು ಸಣ್ಣ ಲೆಕ್ಕ. 4 ನಿಮಿಷದ ಹಾಡಿನಲ್ಲಿ 30 ಸೆಕೆಂಡ್ ಸೋಲೋ ಇದೆ ಅಂದುಕೊಳ್ಳಿ. ಅದು ಹಾಡಿನ ಎಂಟನೇ ಒಂದು ಪಾಲು. ಉಳಿದ ಮೂರೂವರೆ ನಿಮಿಷ ನೀವು ನುಡಿಸುವುದು ರಿದಮ್ಮೇ, ಅಂದರೆ ಹಾಡಿನ ಹಿಂದೆ ತಾಳಕ್ಕೆ ಸರಿಯಾಗಿ ಕಾರ್ಡ್ ಹೊಡೆಯುವುದು. ಆದರೆ ಮನೆಯಲ್ಲಿ ಕೂತು ಅಭ್ಯಾಸ ಮಾಡುವಾಗ ಲೆಕ್ಕ ತಲೆಕೆಳಗಾಗುತ್ತದೆ. ಅರ್ಧ ನಿಮಿಷದ ಕೆಲಸಕ್ಕೆ ಮೂರು ಗಂಟೆ ಕೊಡುತ್ತೇವೆ, ಮೂರೂವರೆ ನಿಮಿಷದ ಕೆಲಸಕ್ಕೆ ಏನೂ ಇಲ್ಲ.

ನನಗೂ ಇದು ಬೇಗ ತಲೆಗೆ ಹೋಗಲಿಲ್ಲ. ಮೊದಲ ಸಲ ಬ್ಯಾಂಡ್ ಜೊತೆ ನುಡಿಸಿದ್ದನ್ನು ರೆಕಾರ್ಡ್ ಮಾಡಿಕೊಂಡಿದ್ದೆ. ನನ್ನ ಸೋಲೋ ಕೇಳಿ ಖುಷಿಪಡೋಣ ಅಂತ ಹಾಕಿದೆ. ಸೋಲೋ ಬರುವ ಹೊತ್ತಿಗೆ ಖುಷಿ ಎಲ್ಲ ಇಳಿದುಹೋಗಿತ್ತು. ಕಾರ್ಡ್ ಒಂದೂ ತಪ್ಪಿರಲಿಲ್ಲ. ಆದರೆ ಒಂದರ ಸದ್ದು ಮುಗಿಯುವ ಮೊದಲೇ ಇನ್ನೊಂದು ಬಂದು ಅದರ ಮೇಲೆ ಬೀಳುತ್ತಿತ್ತು. ಸ್ನೇರ್ ಡ್ರಮ್ಮಿನ ಏಟು ಎಲ್ಲಿದೆ ಅಂತ ಹುಡುಕಬೇಕಿತ್ತು. ಇಡೀ ಬ್ಯಾಂಡಿನ ಮೇಲೆ ಯಾರೋ ಕಂಬಳಿ ಹೊದಿಸಿದ ಹಾಗಿತ್ತು. ಆ ಕಂಬಳಿ ನಾನೇ.

ಅವತ್ತು ಗೊತ್ತಾಗಿದ್ದು ಇಷ್ಟು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ಸದ್ದು ಹೊರಡಿಸುವುದು ಅರ್ಧ ಕೆಲಸ. ಅದನ್ನು ಸರಿಯಾದ ಜಾಗದಲ್ಲಿ ನಿಲ್ಲಿಸುವುದು ಇನ್ನರ್ಧ. ನಾವು ಕಲಿಯದೆ ಬಿಡುವುದು ಈ ಎರಡನೆಯದನ್ನೇ.

ಅಕೂಸ್ಟಿಕ್ ಗಿಟಾರ್‌ನಲ್ಲಿ ಈ ತೊಂದರೆ ಅಷ್ಟಾಗಿ ಕಾಣುವುದಿಲ್ಲ. ಅಲ್ಲಿ ತಂತಿ ಮೀಟಿದ ಕ್ಷಣ ಸದ್ದು ಜೋರಾಗಿದ್ದು, ಆಮೇಲೆ ತಾನಾಗಿಯೇ ಇಳಿಯುತ್ತದೆ. ಡಿಸ್ಟಾರ್ಷನ್ ಹಾಕಿದ ಎಲೆಕ್ಟ್ರಿಕ್‌ನಲ್ಲಿ ಹಾಗಲ್ಲ. ಡಿಸ್ಟಾರ್ಷನ್ ಜೋರಾದ ಸದ್ದಿನ ತಲೆ ಕತ್ತರಿಸುತ್ತದೆ, ಮೆಲ್ಲಗಿರುವುದನ್ನು ಮೇಲೆತ್ತುತ್ತದೆ. ಹಾಗಾಗಿ ಮೀಟಿದ ಏಟು ಮತ್ತು ಅದರ ಬಾಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಕೇಳುತ್ತವೆ. ನೀವು ಮುಟ್ಟದ ತಂತಿ ಸುಮ್ನೆ ಅದುರಿದರೂ ಕೇಳುತ್ತದೆ. ಬೆರಳು ಜಾರಿದ್ದು, ಪಿಕ್ ತಗುಲಿದ್ದು ಎಲ್ಲವೂ ಆಂಪ್‌ನಿಂದ (ಆಂಪ್ಲಿಫೈಯರ್) ಆಚೆ ಬರುತ್ತದೆ. ಅದನ್ನು ತಡೆಯುವುದು ನಿಮ್ಮ ಕೈಗಳ ಕೆಲಸ. ನಾಯ್ಸ್ ಗೇಟ್ ಪೆಡಲ್ ಇದೆಯಲ್ಲ ಅನ್ನಬಹುದು. ಗೇಟ್ ಹಾಡು ನಿಂತಾಗಿನ ಗುಂಯ್‌ಗುಟ್ಟುವಿಕೆಯನ್ನು ಮುಚ್ಚುತ್ತದೆ, ಅಷ್ಟೇ. ಎರಡು ಏಟುಗಳ ನಡುವೆ ಯಾವ ತಂತಿ ಬೇಕು, ಯಾವುದು ಬೇಡ ಅಂತ ಅದಕ್ಕೆ ಗೊತ್ತಿರುವುದಿಲ್ಲ.

ನಿಲ್ಲಿಸುವ ಕೆಲಸದಲ್ಲಿ ಎರಡೂ ಕೈಗೆ ಪಾಲಿದೆ. ಕಾರ್ಡ್ ಹಿಡಿದ ಎಡಗೈಯನ್ನು ಸ್ವಲ್ಪವೇ ಸಡಿಲಿಸಿ. ಬೆರಳು ತಂತಿಯ ಮೇಲೇ ಇರಬೇಕು, ಫ್ರೆಟ್‌ಗೆ ಒತ್ತಿರಬಾರದು. ಸದ್ದು ತಟ್ಟನೆ ನಿಲ್ಲುತ್ತದೆ. ಬೆರಳನ್ನು ಪೂರ್ತಿ ಎತ್ತಿಬಿಟ್ಟರೆ ಖಾಲಿ ತಂತಿಗಳು ಕಿರುಚುತ್ತವೆ, ಹಾಗೆ ಮಾಡಬೇಡಿ. ಬಲಗೈ ಅಂಗೈಯ ಅಂಚನ್ನು ಬ್ರಿಡ್ಜ್ (ತಂತಿಗಳು ಗಿಟಾರ್ ಮೈ ಮೇಲೆ ಕೂರುವ ಪಟ್ಟಿ) ಪಕ್ಕದಲ್ಲಿ ತಂತಿಗೆ ತಾಗಿಸಿದರೆ ಪಾಮ್ ಮ್ಯೂಟ್. ಅಂಚು ಬ್ರಿಡ್ಜ್‌ನ ಮೇಲೇ ಇದ್ದರೆ ಸದ್ದು ದುಂಡಗಿರುತ್ತದೆ, ಮುಂದೆ ಸರಿದಷ್ಟೂ ಮೊಂಡಾಗುತ್ತದೆ. ಈ ಕೆಲವೇ ಮಿಲಿಮೀಟರ್ ಜಾಗದಲ್ಲಿ ಎಷ್ಟು ಬಗೆಯ ಸದ್ದು ಅಡಗಿದೆ ಅನ್ನುವುದನ್ನು ಒಂದು ಸಂಜೆ ಕೂತು ಹುಡುಕಿ. ಇಡೀ ಅಭ್ಯಾಸದಲ್ಲಿ ನನಗೆ ಇಷ್ಟವಾದ ಭಾಗ ಇದೇ.

ಎಡಗೈಯ ಈ ಸಡಿಲಿಕೆಯಿಂದಲೇ ಒಂದು ಶೈಲಿ ಹುಟ್ಟಿದ್ದೂ ಇದೆ. 1960ರ ದಶಕದಲ್ಲಿ ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ಬ್ಯಾಂಡಿನಲ್ಲಿ ಜಿಮ್ಮಿ ನೋಲೆನ್ ಅಂತ ಗಿಟಾರ್ ವಾದಕರಿದ್ದರು. ತಂತಿಯನ್ನು ಒತ್ತಿಯೂ ಒತ್ತದ ಹಾಗೆ ಹಿಡಿದು, ಬಲಗೈಯನ್ನು ಬಿಡದೆ ಆಡಿಸುತ್ತಿದ್ದರು. ಕೋಳಿ ನೆಲ ಕೆದಕಿದ ಹಾಗಿನ ಸದ್ದು. ಅದಕ್ಕೆ ಚಿಕನ್ ಸ್ಕ್ರ್ಯಾಚ್ ಅಂತಲೇ ಹೆಸರು ಬಂತು. ಸ್ವರ ಕೇಳುವುದು ನಡುನಡುವೆ ಒಂದು ಕ್ಷಣ ಮಾತ್ರ, ಉಳಿದದ್ದೆಲ್ಲ ಬರೀ ಗೀಚು. ಫಂಕ್ ಗಿಟಾರ್ ಮುಂದೆ ಬೆಳೆದದ್ದು ಹೆಚ್ಚಾಗಿ ಈ ದಾರಿಯಲ್ಲೇ.

ಈಗ ನಿಮ್ಮ ಡ್ರಮ್ಮರ್ ದೂರಿಗೆ ಬರೋಣ. "ಓಡ್ತಿದ್ದೀಯ" ಅನ್ನುವ ಮಾತನ್ನು ಹೆಚ್ಚಿನವರು ಕೈ ವೇಗವಾಯಿತು ಅಂತ ತಿಳಿದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಆಗುವುದೇ ಬೇರೆ. ಸದ್ದು ಇರುವ ಕಡೆ ಕೈ ಸರಿಯಾಗಿಯೇ ಇರುತ್ತದೆ. ಖಾಲಿ ಜಾಗ ಬಂದಾಗ ಕೈ ನಿಂತುಬಿಡುತ್ತದೆ. ನಿಂತ ಕೈಗೆ ಕಾಯಲು ಆಗುವುದಿಲ್ಲ, ಮುಂದಿನ ಏಟಿಗೆ ಅವಸರದಿಂದ ಹಾರುತ್ತದೆ. ತಾಳ ತಪ್ಪುವುದು ನುಡಿಸುವಾಗ ಅಲ್ಲ, ಕಾಯುವಾಗ.

ಇದಕ್ಕೆ ಮದ್ದು ಸರಳ. ಕೈ ನಿಲ್ಲಿಸಲೇಬೇಡಿ. ಒಂದು ಬೀಟನ್ನು ನಾಲ್ಕು ಪಾಲು ಮಾಡಿ, ಬಾಯಲ್ಲಿ ತ-ಕ-ಧಿ-ಮಿ ಅಂತ ಹೇಳಿಕೊಳ್ಳಿ. ತ ಅಂದಾಗ ಕೈ ಕೆಳಕ್ಕೆ, ಕ ಅಂದಾಗ ಮೇಲಕ್ಕೆ, ಧಿ ಕೆಳಕ್ಕೆ, ಮಿ ಮೇಲಕ್ಕೆ. ತಂತಿ ಮುಟ್ಟಲಿ, ಬಿಡಲಿ, ಕೈ ಹೀಗೆ ಉಯ್ಯಾಲೆಯಂತೆ ಆಡುತ್ತಲೇ ಇರಬೇಕು. ಬೇಕಾದ ಕಡೆ ತಂತಿಗೆ ತಗುಲಿಸಿ, ಬೇಡದ ಕಡೆ ಗಾಳಿಯಲ್ಲಿ ಹಾಯಿಸಿ. ಆಗ ಖಾಲಿ ಜಾಗಕ್ಕೂ ಒಂದು ಅಳತೆ ಸಿಗುತ್ತದೆ. ಕಾರ್ಡ್ ಬದಲಿಸುವಾಗಲೂ ಇದೇ ನಿಯಮ. ಎಡಗೈ ಹೊಸ ಕಾರ್ಡ್‌ಗೆ ಹೋಗಲಿ ಅಂತ ಬಲಗೈ ಕಾಯಬಾರದು. ಬದಲಾವಣೆಯ ಹಿಂದಿನ ಕೊನೆಯ ಮೇಲೇಟಿಗೆ ಬೇಕಾದರೆ ಖಾಲಿ ತಂತಿಯೇ ಕೇಳಲಿ. ಎಷ್ಟೋ ಒಳ್ಳೆಯ ರೆಕಾರ್ಡಿಂಗ್‌ಗಳಲ್ಲಿ ಹಾಗೆ ಕೇಳುತ್ತದೆ, ಕಿವಿ ಅದನ್ನು ತಪ್ಪು ಅನ್ನುವುದಿಲ್ಲ. ತಡವಾಗಿ ಬಂದ ಕಾರ್ಡನ್ನು ಮಾತ್ರ ತಕ್ಷಣ ಹಿಡಿದುಬಿಡುತ್ತದೆ.

ಎಷ್ಟು ತಡವಾದರೆ ತಡ? ನಿಮಿಷಕ್ಕೆ 120 ಬೀಟ್ ಇರುವ ಹಾಡಿನಲ್ಲಿ ಒಂದು ಬೀಟ್ ಅಂದರೆ 500 ಮಿಲಿಸೆಕೆಂಡ್. ಅದರ ನಾಲ್ಕನೇ ಒಂದು ಪಾಲು 125. ನಿಮ್ಮ ಏಟು ಸ್ನೇರ್‌ಗಿಂತ 30–40 ಮಿಲಿಸೆಕೆಂಡ್ ಆಚೀಚೆ ಆದರೆ ಒಂದು ಏಟಿನ ಬದಲು ಎರಡು ಬಿದ್ದ ಹಾಗೆ ಕೇಳಲು ಶುರುವಾಗುತ್ತದೆ. ಶಬ್ದಕ್ಕೆ 10 ಮೀಟರ್ ದಾಟಲು ಸುಮಾರು 30 ಮಿಲಿಸೆಕೆಂಡ್ ಬೇಕು. ಹಾಗಾಗಿ ದೊಡ್ಡ ವೇದಿಕೆಯಲ್ಲಿ ಡ್ರಮ್ ದೂರ ಇದ್ದರೆ ಕಿವಿಯನ್ನಷ್ಟೇ ನಂಬಬೇಡಿ, ಡ್ರಮ್ಮರ್ ಕೈಯನ್ನೂ ನೋಡುತ್ತಿರಿ.

ಇನ್ನು ಗೇನ್, ಅಂದರೆ ಡಿಸ್ಟಾರ್ಷನ್ ಎಷ್ಟಿರಬೇಕು ಅಂತ ಹೇಳುವ ಗುಂಡಿ. ಮನೆಯಲ್ಲಿ ಒಬ್ಬರೇ ನುಡಿಸುವಾಗ ಗೇನ್ ಜಾಸ್ತಿ ಇದ್ದಷ್ಟೂ ಚೆನ್ನ ಅನ್ನಿಸುತ್ತದೆ. ಬ್ಯಾಂಡಿನಲ್ಲಿ ಅದೇ ಕೆಸರಾಗುತ್ತದೆ. ಇದಕ್ಕೆ ಗಟ್ಟಿ ಕಾರಣ ಇದೆ. ಎರಡು ಸ್ವರ ಒಟ್ಟಿಗೆ ಡಿಸ್ಟಾರ್ಷನ್ ಒಳಗೆ ಹೋದರೆ, ಅವೆರಡರ ವ್ಯತ್ಯಾಸದಷ್ಟು ಕಂಪನ ಇರುವ ಹೊಸ ಸ್ವರವೂ ಹುಟ್ಟುತ್ತದೆ. ಎ ಪವರ್ ಕಾರ್ಡ್ ತೆಗೆದುಕೊಳ್ಳಿ, ಅದರಲ್ಲಿ ಎ ಮತ್ತು ಇ ಎರಡೇ ಸ್ವರ. ಎ ಸ್ವರ 110 ಹರ್ಟ್ಜ್, ಅದರ ಮೇಲಿನ ಇ ಸ್ವರ ಸುಮಾರು 165. ವ್ಯತ್ಯಾಸ 55. ಅದೂ ಎ ಸ್ವರವೇ, ಒಂದು ಆಕ್ಟೇವ್ ಕೆಳಗಿನದು! ಕಾರ್ಡ್‌ಗೆ ತಾನಾಗಿಯೇ ತೂಕ ಬಂತು. ಪವರ್ ಕಾರ್ಡ್‌ನ ಗುಟ್ಟು ಇದೇ. ಈಗ ನಡುವೆ ಸಿ ಶಾರ್ಪ್ ಸೇರಿಸಿ ಪೂರ್ತಿ ಮೇಜರ್ ಕಾರ್ಡ್ ಮಾಡಿ. ಸಿ ಶಾರ್ಪ್ ಸುಮಾರು 138.6 ಹರ್ಟ್ಜ್. ಎ ಜೊತೆಗಿನ ವ್ಯತ್ಯಾಸ 28.6, ಇ ಜೊತೆಗಿನದು 26.2. ಎರಡೂ ತೀರಾ ಕೆಳಗೆ, ಒಂದಕ್ಕೊಂದು ತಾಗಿಯೂ ತಾಗದೆ ಗುದ್ದಾಡುತ್ತವೆ. ನಮಗೆ ಕೇಳುವ ಗೊರಗೊರ ಅದೇ. ಪೂರ್ತಿ ಕಾರ್ಡ್ ಬೇಕಾದರೆ ಗೇನ್ ಇಳಿಸಿ. ಗೇನ್ ಬೇಕೇ ಬೇಕು ಅಂದರೆ ಸ್ವರ ಕಡಿಮೆ ಮಾಡಿ.

ಎಸಿ/ಡಿಸಿ ಅನ್ನುವ ರಾಕ್ ಬ್ಯಾಂಡನ್ನು ಕೇಳಿದವರಿಗೆಲ್ಲ ಅದು ಭಾರಿ ಡಿಸ್ಟಾರ್ಷನ್ ಅನ್ನಿಸುತ್ತದೆ. ಗಮನ ಇಟ್ಟು ಕೇಳಿದರೆ ಅದರಲ್ಲಿ ರಿದಮ್ ನುಡಿಸುತ್ತಿದ್ದ ಮಾಲ್ಕಮ್ ಯಂಗ್ ಅವರ ಗಿಟಾರ್ ಆಶ್ಚರ್ಯವಾಗುವಷ್ಟು ಸ್ವಚ್ಛ. ಎಲ್ಲರೂ ನೋಡುವುದು ತಮ್ಮ ಆಂಗಸ್ ಕುಣಿತವನ್ನು. ಆದರೆ ಬ್ಯಾಂಡನ್ನು ಹೊತ್ತು ನಿಂತಿದ್ದು ಹಿಂದೆ, ಆಂಪ್ ಪಕ್ಕದಲ್ಲಿದ್ದ ಅಣ್ಣ. ಎಷ್ಟೋ ಹಾಡುಗಳಲ್ಲಿ ಎರಡು ಏಟುಗಳ ನಡುವೆ ಪೂರ್ತಿ ನಿಶ್ಶಬ್ದ ಇರುತ್ತದೆ. ಆ ನಿಶ್ಶಬ್ದದಲ್ಲಿ ಡ್ರಮ್ ದೊಡ್ಡದಾಗಿ ಕೇಳುತ್ತದೆ, ಬ್ಯಾಂಡ್ ಇನ್ನೂ ಜೋರು ಅನ್ನಿಸುತ್ತದೆ.

ಬೇರೆಯವರಿಗೆ ಜಾಗ ಬಿಡುವುದರಲ್ಲೂ ಇಂಥದ್ದೇ ಲೆಕ್ಕ. ನಿಮ್ಮ ಆರನೇ ತಂತಿ 82 ಹರ್ಟ್ಜ್, ಬಾಸ್ ಗಿಟಾರ್‌ನ ದಪ್ಪ ತಂತಿ 41. ನೀವು ಸದಾ ದಪ್ಪನೆಯ ಮೂರು ತಂತಿಗಳಲ್ಲೇ ಇದ್ದರೆ ಬಾಸ್ ನುಡಿಸುವವರ ಅಂಗಳದಲ್ಲಿ ನಿಂತ ಹಾಗೆ. ರೋಲಿಂಗ್ ಸ್ಟೋನ್ಸ್ ಬ್ಯಾಂಡಿನ ಕೀತ್ ರಿಚರ್ಡ್ಸ್ ಎಷ್ಟೋ ಹಾಡುಗಳಲ್ಲಿ ಆರನೇ ತಂತಿಯನ್ನೇ ತೆಗೆದುಹಾಕಿ, ಉಳಿದ ಐದನ್ನು ಓಪನ್ ಜಿ ಟ್ಯೂನಿಂಗ್‌ನಲ್ಲಿ (ಬೆರಳಿಡದೆ ಮೀಟಿದರೂ ಜಿ ಕಾರ್ಡ್ ಬರುವ ಶ್ರುತಿ) ನುಡಿಸುತ್ತಾ ಬಂದಿದ್ದಾರೆ. ಕೌಂಟ್ ಬೇಸಿ ಜಾಝ್ ತಂಡದ ಫ್ರೆಡ್ಡಿ ಗ್ರೀನ್ ಇನ್ನೂ ಮುಂದೆ ಹೋದರು. 1937ರಿಂದ 1987ರವರೆಗೆ, ಹೆಚ್ಚುಕಡಿಮೆ 50 ವರ್ಷ, ಅವರ ಕೆಲಸ ಒಂದು ಬಾರ್‌ಗೆ (ನಾಲ್ಕು ಬೀಟಿನ ಒಂದು ಸುತ್ತು) ನಾಲ್ಕು ಏಟು. ಕೈ ಕಾರ್ಡ್ ಹಿಡಿದಿದ್ದರೂ ಎಷ್ಟೋ ಸಲ ಒಂದೆರಡು ತಂತಿ ಮಾತ್ರ ಕೇಳುತ್ತಿತ್ತು. ಅವರದ್ದು ಅಕೂಸ್ಟಿಕ್ ಗಿಟಾರ್, ನಿಜ. ಆದರೂ ಕಲಿಯಬೇಕಾದವರು ನಾವು ಎಲೆಕ್ಟ್ರಿಕ್‌ನವರೇ.

ಅಭ್ಯಾಸ ಹೇಗೆ? ದಿನಕ್ಕೆ 15 ನಿಮಿಷ ಸಾಕು, ಆದರೆ ಮೊದಲ 15. ಸೋಲೋ ಮುಗಿಸಿ ಆಮೇಲೆ ಅಂದರೆ ಅದು ಆಗುವುದಿಲ್ಲ, ನನ್ನ ಮಾತು ನಂಬಿ. ಒಂದೇ ಕಾರ್ಡ್ ಹಿಡಿಯಿರಿ. ತಾಳಕ್ಕೆ ಕ್ಲಿಕ್ ಕೊಡುವ ಮೆಟ್ರೊನೋಮ್ ನಿಮಿಷಕ್ಕೆ 60ಕ್ಕೆ ಇಡಿ. ಪ್ರತಿ ಕ್ಲಿಕ್‌ಗೆ ಒಂದು ಏಟು ಹೊಡೆದು, ಸರಿಯಾಗಿ ಅರ್ಧ ದಾರಿಯಲ್ಲಿ ಸದ್ದು ನಿಲ್ಲಿಸಿ. ಎರಡನೇ ನಿಮಿಷಕ್ಕೆ ಬೇಜಾರಾಗುತ್ತದೆ. ನಾಲ್ಕನೇ ನಿಮಿಷದ ಹೊತ್ತಿಗೆ, ನಿಲ್ಲುವ ಜಾಗ ಪ್ರತಿ ಸಲ ಬೇರೆಬೇರೆ ಆಗುತ್ತಿದೆ ಅಂತ ಕೇಳಲು ಶುರುವಾಗುತ್ತದೆ. ಅಲ್ಲಿಂದ ಬೇಜಾರು ಇರುವುದಿಲ್ಲ, ಸಿಟ್ಟು ಬರುತ್ತದೆ. ಒಳ್ಳೆಯ ಲಕ್ಷಣ!

ಅದು ಹಿಡಿತಕ್ಕೆ ಬಂದ ಮೇಲೆ ಕ್ಲಿಕ್ಕನ್ನು ಎರಡನೇ ಮತ್ತು ನಾಲ್ಕನೇ ಬೀಟ್ ಅಂದುಕೊಂಡು ನುಡಿಸಿ. ಅಂದರೆ ಕ್ಲಿಕ್ ಈಗ ನಿಮ್ಮ ಸ್ನೇರ್. ಹಾಡಿನ ವೇಗ 100 ಆದರೆ ಮೆಟ್ರೊನೋಮ್ 50ಕ್ಕೆ ಇರಬೇಕು. ಒಂದನೇ ಬೀಟ್ ಎಲ್ಲಿದೆ ಅಂತ ನೀವೇ ಹೊತ್ತುಕೊಳ್ಳಬೇಕಾಗುತ್ತದೆ, ಯಾರೂ ಹೇಳುವುದಿಲ್ಲ. ಬ್ಯಾಕಿಂಗ್ ಟ್ರ್ಯಾಕ್ ಜೊತೆ ಚೆನ್ನಾಗಿ ನುಡಿಸುವವರು ಬ್ಯಾಂಡಿನಲ್ಲಿ ಎಡವುವುದು ಇಲ್ಲೇ. ಟ್ರ್ಯಾಕ್ ಅವರನ್ನು ಹೊತ್ತುಕೊಂಡು ಹೋಗುತ್ತಿರುತ್ತದೆ. ಬ್ಯಾಂಡಿನಲ್ಲಿ ಅವರೂ ಹೊರಬೇಕು. ವಾರಕ್ಕೊಮ್ಮೆ ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಅವತ್ತೇ ಕೇಳಿದರೆ ನಮಗೆ ನಮ್ಮ ಮೇಲೆ ಪ್ರೀತಿ ಜಾಸ್ತಿ ಇರುತ್ತದೆ.

ಹಾಗಾದರೆ ಸೋಲೋ ಹಿಂದೆ ಬೀಳುತ್ತದಾ? ಇಲ್ಲ. ಒಂದು ಪ್ರಯೋಗ ಮಾಡಿ. ಒಂದೇ ಸ್ವರ ಇಟ್ಟುಕೊಂಡು ಎಂಟು ಬಾರ್ ಸೋಲೋ ನುಡಿಸಿ. ಸ್ವರ ಬದಲಿಸುವಂತಿಲ್ಲ, ಸಮಯದ ಜೊತೆ ಮಾತ್ರ ಆಡಬಹುದು. ಕೇಳಲು ಚೆನ್ನಾಗಿದ್ದರೆ ನಿಮ್ಮ ಸೋಲೋ ಕೂಡ ಚೆನ್ನಾಗಿರುತ್ತದೆ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಹೆಸರು ಮಾಡುವ ಮೊದಲು ಐಸ್ಲಿ ಬ್ರದರ್ಸ್, ಲಿಟಲ್ ರಿಚರ್ಡ್ ಮುಂತಾದ ಗಾಯಕರ ಹಿಂದೆ ನಿಂತು ನುಡಿಸುತ್ತಿದ್ದವರು. ಹೆಂಡ್ರಿಕ್ಸ್ ಹಾಡುಗಳಲ್ಲಿ ರಿದಮ್ ಎಲ್ಲಿ ಮುಗಿಯಿತು, ಸೋಲೋ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯುವುದು ಕಷ್ಟ.

ಕೊನೆಯದಾಗಿ, ಗಿಟಾರ್. ಬೇರೆ ಬೇಡ, ಇರುವುದೇ ಸಾಕು. ಅದರ ವಾಲ್ಯೂಮ್ ಗುಂಡಿಯನ್ನು ಮಾತ್ರ ಮರೆಯಬೇಡಿ. ಸೋಲೋಗೆ 10, ರಿದಮ್‌ಗೆ 6 ಅಥವಾ 7. ಗೇನ್ ಇರುವ ಆಂಪ್‌ನಲ್ಲಿ ಇದರಿಂದ ಸದ್ದು ಕಡಿಮೆಯಾಗುವುದಕ್ಕಿಂತ ಹೆಚ್ಚಾಗಿ ಸ್ವಚ್ಛವಾಗುತ್ತದೆ, ಪೆಡಲ್ ತುಳಿಯುವ ಕೆಲಸವೂ ತಪ್ಪುತ್ತದೆ. ತಂತಿ ಬೇಕಾದರೆ ಬದಲಿಸಿ. ನೀವು ಹಾಕಿರುವುದು 9ರ ಸೆಟ್ (ಅತಿ ತೆಳ್ಳನೆಯ ತಂತಿ 0.009 ಇಂಚು) ಆಗಿದ್ದರೆ, ಜೋರಾಗಿ ಹೊಡೆದಾಗ ಅಥವಾ ಬಿಗಿಯಾಗಿ ಒತ್ತಿದಾಗ ಶ್ರುತಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. 10ರ ಸೆಟ್‌ನಲ್ಲಿ ಅದು ಕಡಿಮೆ. ಮಾಲ್ಕಮ್ ಯಂಗ್ ಇನ್ನೂ ಎಷ್ಟೋ ದಪ್ಪ ತಂತಿ ಹಾಕುತ್ತಿದ್ದರು, ಆದರೆ ನೀವು ಸೋಲೋದಲ್ಲಿ ತಂತಿ ಎಳೆಯುವವರು, ಅಷ್ಟು ದೂರ ಹೋಗಬೇಡಿ. ಬದಲಿಸಿದ ಮೇಲೆ ನೆಕ್ ಬಾಗಿದೆಯಾ, 12ನೇ ಫ್ರೆಟ್‌ನಲ್ಲಿ ಶ್ರುತಿ ಸರಿಯಾಗಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.