ಪೈಲಟ್‌ಗೆಷ್ಟು, ಫೀಡ್‌ಬ್ಯಾಕ್‌ಗೆಷ್ಟು: ನಾಲ್ಕು ಬೆರಳಗಲದ ಲೆಕ್ಕ

ಮುಂಬೈ ಕಡೆ, ಡೊಂಬಿವ್ಲಿಯಿಂದ ದಾದರ್‌ಗೆ ದಿನಾ ಫಾಸ್ಟ್ ಲೋಕಲ್ ರೈಲು. ಪುಸ್ತಕ ತೆಗೆಯೋಕೆ ಜಾಗ ಇರಲ್ಲ, ಬಾಯಿಲೆಕ್ಕಕ್ಕೆ ಅಡ್ಡಿಯಿಲ್ಲ. ಮೊಬೈಲ್ ಟವರ್ ಮತ್ತು ಫೋನ್ ನಡುವಿನ ರೇಡಿಯೊ ದಾರಿ, ಅಂದರೆ ಚಾನೆಲ್, ಅಳೆಯೋಕೆ ಕಳಿಸುವ ಮೊದಲೇ ಗೊತ್ತಿರೋ ಸಂಕೇತ ಪೈಲಟ್; ಆ ಅಳತೆಯನ್ನು ವಾಪಸ್ ಹೇಳೋದು ಫೀಡ್‌ಬ್ಯಾಕ್. ಎರಡಕ್ಕೂ ಎಷ್ಟೆಷ್ಟು ಖರ್ಚು ಮಾಡಬೇಕು ಅನ್ನೋ ಪಾಠ ನನ್ನ ತಲೆಗೆ ಹತ್ತಿದ್ದೂ ಅಲ್ಲೇ.

ಗಾಡಿ ಗಂಟೆಗೆ 72 ಕಿ.ಮೀ. ಓಡುತ್ತಿದೆ ಅಂದುಕೊಳ್ಳಿ, ಅಂದರೆ ಸೆಕೆಂಡಿಗೆ 20 ಮೀಟರ್. 1800 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 16.7 ಸೆಂ.ಮೀ. ವೇಗವನ್ನು ಅದರಿಂದ ಭಾಗಿಸಿದರೆ ಡಾಪ್ಲರ್ (ಓಟದಿಂದ ಫ್ರೀಕ್ವೆನ್ಸಿಯಲ್ಲಾಗೋ ಏರುಪೇರು) 120 ಹರ್ಟ್ಸ್. 0.423ನ್ನು 120ರಿಂದ ಭಾಗಿಸುವ ಅಂದಾಜಿನಲ್ಲಿ ಕೊಹೆರೆನ್ಸ್ ಟೈಮ್ (ಚಾನೆಲ್ ಹೆಚ್ಚುಕಡಿಮೆ ಬದಲಾಗದೆ ಇರೋ ಹೊತ್ತು) 3.5 ಮಿಲಿಸೆಕೆಂಡ್. ಅಷ್ಟರಲ್ಲಿ ಫೋನ್ ಸರಿದಿರೋದು 7 ಸೆಂ.ಮೀ., ನಾಲ್ಕು ಬೆರಳಗಲ! ಅಲ್ಲಿಗೆ ಅಳೆದಿಟ್ಟ ಚಾನೆಲ್ ಹಳಸಿತು. ಇಳಿದು ಪ್ಲಾಟ್‌ಫಾರ್ಮಿನಲ್ಲಿ ಸೆಕೆಂಡಿಗೆ 1 ಮೀಟರಿನಂತೆ ನಡೆದರೆ ಅದು 70 ಮಿಲಿಸೆಕೆಂಡ್ ಬಾಳುತ್ತದೆ.

ಈಗ ಖರ್ಚು. ಎಫ್‌ಡಿಡಿ ಅನ್ನೋ ಪದ್ಧತಿಯಲ್ಲಿ ಟವರ್‌ನಿಂದ ಫೋನ್‌ಗೆ ಹೋಗೋ ದಾರಿ, ಫೋನ್‌ನಿಂದ ಬರೋ ದಾರಿಯ ಫ್ರೀಕ್ವೆನ್ಸಿ ಬೇರೆ ಬೇರೆ. ಹಾಗಾಗಿ ಟವರ್ ಪ್ರತಿ ಆಂಟೆನಾಗೂ ಪೈಲಟ್ ಕಳಿಸಬೇಕು, ಫೋನ್ ಅಳೆದು ವಾಪಸ್ ಹೇಳಬೇಕು. ಕೊಹೆರೆನ್ಸ್ ಬ್ಯಾಂಡ್‌ವಿಡ್ತ್ (ಚಾನೆಲ್ ಒಂದೇ ಥರ ಇರೋ ಫ್ರೀಕ್ವೆನ್ಸಿಯ ಅಗಲ) 100 ಕಿಲೋಹರ್ಟ್ಸ್ ಅಂತಿಟ್ಟು 3.5 ಮಿಲಿಸೆಕೆಂಡಿನಿಂದ ಗುಣಿಸಿದರೆ ಲೋಕಲ್‌ನಲ್ಲಿ ನಮ್ಮ ಕೈಗೆ ಸಿಗೋದು 350 ಸಿಂಬಲ್, ಅಂದರೆ ಪೈಲಟ್ಟೋ ಮಾಹಿತಿಯೋ ಕಳಿಸೋಕೆ 350 ಜಾಗ. 64 ಆಂಟೆನಾಗೆ 64 ಪೈಲಟ್ ಅಂದರೆ ಶೇ. 18 ಹೋಯಿತು. ರುಚಿ ನೋಡ್ತಾ ನೋಡ್ತಾನೇ ಐದರಲ್ಲೊಂದು ಪಾಲು ಸಾರು ಖಾಲಿ ಮಾಡಿದ ಹಾಗೆ. ಪ್ಲಾಟ್‌ಫಾರ್ಮಿನಲ್ಲಿ ಅದೇ 64, ಆದರೆ 7000 ಸಿಂಬಲ್‌ಗೆ. ಶೇ. 1ಕ್ಕಿಂತ ಕಡಿಮೆ.

ಪೈಲಟ್ ಪವರ್ ನಮ್ಮಿಷ್ಟಕ್ಕೆ ಇಡಬಹುದಾದರೆ, ಕಳಿಸುವ ಆಂಟೆನಾ ಎಷ್ಟೋ ಅಷ್ಟೇ ಪೈಲಟ್ ಸಾಕು. ಇದು 2003ರಲ್ಲಿ ಸಂಶೋಧಕರಾದ ಹಸ್ಸಿಬಿ, ಹಾಕ್‌ವಾಲ್ಡ್ ತೋರಿಸಿದ್ದು.

ಫೀಡ್‌ಬ್ಯಾಕ್‌ನಲ್ಲೇ ನಾವು ಎಡವೋದು. ಹಲವು ಯೂಸರ್‌ಗಳಿಗೆ ಝೀರೋ ಫೋರ್ಸಿಂಗ್ (ಒಬ್ಬರ ಸಿಗ್ನಲ್ ಇನ್ನೊಬ್ಬರಿಗೆ ತಾಗದಂತೆ ಕಳಿಸೋದು) ಮಾಡುವಾಗ ಫೀಡ್‌ಬ್ಯಾಕ್‌ಗೆ ಎಷ್ಟು ಬಿಟ್ ಬೇಕು ಅಂತ ಸಂಶೋಧಕ ಜಿಂದಾಲ್ 2006ರಲ್ಲಿ ಕೊಟ್ಟ ಅಂದಾಜು ಹೀಗಿದೆ: ಆಂಟೆನಾ ಸಂಖ್ಯೆಯಲ್ಲಿ ಒಂದು ಕಳೆದು, ಮೂರರಿಂದ ಭಾಗಿಸಿ, ಡೆಸಿಬೆಲ್‌ನಲ್ಲಿರುವ ಎಸ್‌ಎನ್‌ಆರ್‌ನಿಂದ (ನಾಯ್ಸ್‌ಗಿಂತ ಸಿಗ್ನಲ್ ಎಷ್ಟು ಜೋರು ಅನ್ನೋ ಅಳತೆ) ಗುಣಿಸಿ. 4 ಆಂಟೆನಾ, 15 ಡೆಸಿಬೆಲ್ ಇದ್ದರೆ ಒಬ್ಬರಿಗೆ 15 ಬಿಟ್. 4ಜಿಯ ಎಲ್‌ಟಿಇಯ ಮೂಲ 4 ಆಂಟೆನಾ ಕೋಡ್‌ಬುಕ್‌ನಲ್ಲಿ (ಫೋನ್ ಆರಿಸಿ ಹೇಳೋ ಆಯ್ಕೆಗಳ ಪಟ್ಟಿ) ಇರೋದು 16 ಸಾಲು, ಅಂದರೆ ಬರೀ 4 ಬಿಟ್. ಬಿಟ್ ಏರಿಸದೆ ಸುಮ್ನೆ ಪವರ್ ಏರಿಸಿದರೆ ಒಬ್ಬರ ಸಿಗ್ನಲ್ ಇನ್ನೊಬ್ಬರ ಮೇಲೆ ಚೆಲ್ಲುತ್ತದೆ, ರೇಟ್ ಮೇಲೇಳಲ್ಲ.

ಹಾಗಂತ ಉತ್ತರಪತ್ರಿಕೆಯಲ್ಲಿ "ಬಿಟ್ ಜಾಸ್ತಿ ಆದಷ್ಟೂ ಒಳ್ಳೇದು" ಅಂತ ಬರೀಬೇಡಿ, ನಾನು ಬರೆದು ಮಾರ್ಕ್ಸ್ ಕಳ್ಕೊಂಡಿದ್ದೀನಿ. ಲೋಕಲ್‌ನಲ್ಲಿ ವರದಿ 5 ಮಿಲಿಸೆಕೆಂಡ್ ತಡವಾದರೆ ಆ 15 ಬಿಟ್ ಹೇಳೋದು ಆಗಲೇ ಇಲ್ಲದ ಚಾನೆಲ್ ಬಗ್ಗೆ. ಅಲ್ಲಿ ಕಡಿಮೆ ಬಿಟ್, ಬೇಗ ವರದಿ ವಾಸಿ. ಅಳತೆಯೇ ನಾಯ್ಸ್‌ನಲ್ಲಿ ಮುಳುಗಿದ್ದರೂ ಅಷ್ಟೇ. ಹೆಚ್ಚಿನ ಬಿಟ್ ಆ ನಾಯ್ಸನ್ನೇ ದುಂಡಗೆ ಬರೆದು ಕಳಿಸುತ್ತದೆ.

ಟಿಡಿಡಿ ಅನ್ನೋ ಇನ್ನೊಂದು ಪದ್ಧತಿಯಲ್ಲಿ ಎರಡೂ ದಾರಿಗೆ ಒಂದೇ ಫ್ರೀಕ್ವೆನ್ಸಿ. ಹಾಗಾಗಿ ಫೋನ್‌ಗಳೇ ಪೈಲಟ್ ಕಳಿಸಿದರೆ ಟವರ್ ಅಳೆದುಕೊಳ್ಳುತ್ತದೆ. ಒಂದೊಂದೇ ಆಂಟೆನಾದ 8 ಫೋನ್‌ಗಳಿದ್ದರೆ 8 ಪೈಲಟ್ ಸಾಕು, ಟವರ್‌ನಲ್ಲಿ 64 ಆಂಟೆನಾ ಇದ್ದರೂ. ಆದರೆ ಪಕ್ಕದ ಸೆಲ್ ಅದೇ ಪೈಲಟ್ ಬಳಸಿದರೆ ಅಳತೆ ಕಲಬೆರಕೆ. 3.5 ಗಿಗಾಹರ್ಟ್ಸ್‌ಗೆ ಮೇಲಿನ ಲೆಕ್ಕ ನೀವೇ ಹಾಕಿ ನೋಡಿ, ನಾಲ್ಕು ಬೆರಳು ಎರಡಕ್ಕಿಳಿಯುತ್ತದೆ.