ಶಿಮೊಗದ ಹುಡುಗಿ ಶಿವಮೊಗ್ಗದಲ್ಲಿ ಸಿಗಲಿಲ್ಲ

ನನ್ನ ಅಕ್ಕನ ಮಗಳು ಬಿ.ಕಾಂ. ಮುಗಿಸಿ ಇಲ್ಲಿನ ಅಡಿಕೆ ಮಂಡಿಯೊಂದರಲ್ಲಿ ಎರಡು ವರ್ಷ ಲೆಕ್ಕ ಬರೆದವಳು. ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಎಲ್ಲಾ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೂ ಜಾಬ್ ಸೈಟಿಗೆ ರೆಸ್ಯೂಮೆ ಹಾಕಿ ಮಳೆಗಾಲ ಪೂರ್ತಿ ಕಾದರೂ ಒಂದು ಫೋನ್ ಬರಲಿಲ್ಲ.

ಹಬ್ಬಕ್ಕೆ ಬಂದಿದ್ದ ಗೆಳೆಯ ಬೆಂಗಳೂರಿನಲ್ಲಿ ಎಚ್‌ಆರ್, ಅಂದರೆ ಕಂಪನಿಗೆ ಜನರನ್ನು ಆರಿಸುವವನು. ಲ್ಯಾಪ್‌ಟಾಪ್ ತೆಗೆದು ‘ಟ್ಯಾಲಿ ಆಂಡ್ ಜಿಎಸ್‌ಟಿ ಆಂಡ್ ಶಿವಮೊಗ್ಗ’ ಎಂದು ಇಂಗ್ಲಿಷಿನಲ್ಲಿ ಹೊಡೆದ. ಉದ್ದದ ಪಟ್ಟಿ ಬಂತು, ಅದರಲ್ಲಿ ಇವಳಿಲ್ಲ. ಜಿಎಸ್‌ಟಿ ಅನ್ನೋ ಕಡೆ ಸುಮ್ನೆ ‘ಟ್ಯಾಕ್ಸ್ ವರ್ಕ್’ ಅಂತ ಬರೆದಿದ್ದಳು. ಊರಿನ ಹೆಸರನ್ನು ಅಪ್ಪನ ಹಳೇ ಲೆಟರ್‌ಹೆಡ್ ನೋಡಿ ‘ಶಿಮೊಗ’ ಅಂತ ಹಾಕಿದ್ದಳು. ಇಂಗ್ಲಿಷಿನಲ್ಲಿ ನಮ್ಮೂರು ಅಧಿಕೃತವಾಗಿ ‘ಶಿವಮೊಗ್ಗ’ ಆಗಿದ್ದು 2014ರ ನವೆಂಬರ್ 1ರಂದು. ನಮಗೆ ಎರಡೂ ಒಂದೇ ಊರು, ಆದರೆ ಬರೀ ಅಕ್ಷರ ಹೋಲಿಸುವ ಯಂತ್ರಕ್ಕೆ ಸಾಗರ, ಸೊರಬ ಎಷ್ಟು ಬೇರೆಯೋ ಇವೂ ಅಷ್ಟೇ ಬೇರೆ.

ನಾವು ಹುಡುಕಿದಾಗ ಸೈಟು ಲಕ್ಷಾಂತರ ರೆಸ್ಯೂಮೆಗಳನ್ನು ಕೂತು ಓದುವುದಿಲ್ಲ. ಮೊದಲೇ ಪ್ರತಿಯೊಂದನ್ನೂ ಪದ ಪದವಾಗಿ ಬಿಡಿಸಿ, ಯಾವ ಪದ ಯಾರ್ಯಾರ ಹತ್ತಿರ ಇದೆ ಅಂತ ಪಟ್ಟಿ ಮಾಡಿಟ್ಟಿರುತ್ತದೆ, ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತಲ್ಲ, ಹಾಗೆ. ‘ಆಂಡ್’ ಅಂದರೆ ಎರಡೂ ಪಟ್ಟಿಯಲ್ಲಿ ಇರುವವರು, ‘ಆರ್’ ಅಂದರೆ ಯಾವುದಾದರೂ ಒಂದರಲ್ಲಿ ಇದ್ದರೂ ಸಾಕು, ‘ನಾಟ್’ ಅಂದರೆ ಆ ಪದ ಇದ್ದವರನ್ನು ಕಿತ್ತು ಹಾಕು. ಜಾರ್ಜ್ ಬೂಲ್ ಎಂಬ ಗಣಿತಜ್ಞ ಇಂಥ ತರ್ಕಕ್ಕೆ ಬೀಜಗಣಿತದ ರೂಪ ಕೊಟ್ಟು 1854ರಲ್ಲಿ ಪುಸ್ತಕ ಬರೆದ. ಎಚ್‌ಆರ್ ಮಂದಿ ಇವತ್ತಿಗೂ ‘ಬೂಲಿಯನ್ ಸರ್ಚ್’ ಅಂತಲೇ ಅನ್ನುತ್ತಾರೆ. ರೆಸ್ಯೂಮೆಯ ಫೋಟೊ ಹೊಡೆದು ಪಿಡಿಎಫ್ ಮಾಡಿದ್ದರೆ ಇನ್ನೂ ಕಷ್ಟ. ಚಿತ್ರದಿಂದ ಅಕ್ಷರ ಬಿಡಿಸುವ ಸಾಫ್ಟ್‌ವೇರ್ ಆ ಕಡೆ ಇಲ್ಲದಿದ್ದರೆ ಅದರಲ್ಲಿ ಪದವೇ ಇಲ್ಲ.

ಸಿಕ್ಕವರಲ್ಲಿ ಯಾರು ಮೇಲೆ? ಎಲ್ಲರ ಬಳಿಯೂ ಇರುವ ಪದಕ್ಕೆ ತೂಕ ಕಡಿಮೆ, ಅಪರೂಪದ ಪದಕ್ಕೆ ಜಾಸ್ತಿ ಎಂಬ ಲೆಕ್ಕವನ್ನು 1972ರಲ್ಲಿ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಎಂಬ ಕಂಪ್ಯೂಟರ್ ವಿಜ್ಞಾನಿ ಮುಂದಿಟ್ಟರು. ಮಂಡಿಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ‘ನಮ್ದು ಒಳ್ಳೇ ಅಡಿಕೆ’ ಅಂತ ಯಾರು ತಾನೇ ಹೇಳುವುದಿಲ್ಲ? ಸರಕೋ, ಬೆಟ್ಟೆಯೋ, ರಾಶಿಯೋ, ಗೊರಬಲೋ ಅಂತ ಅಡಿಕೆಯ ಬಗೆ ಹೇಳಿದಾಗ ಮಾತು ಮುಂದೆ ಹೋಗುತ್ತದೆ. ‘ಹಾರ್ಡ್‌ವರ್ಕಿಂಗ್’ ಅನ್ನುವುದು ಆ ಒಳ್ಳೇ ಅಡಿಕೆಯ ಜಾತಿಗೆ ಸೇರಿದ್ದು.

ಈಗಿನ ಕೆಲವು ಸೈಟುಗಳು ಪದದ ಅರ್ಥವನ್ನೂ ಅಂದಾಜು ಮಾಡುತ್ತವೆ, ನಿಜ. ಆದರೆ ಗೆಳೆಯ ಈಗಲೂ ಆಂಡ್, ಆರ್ ಕುಟ್ಟುತ್ತಲೇ ಇರುತ್ತಾನೆ.

ಅವಳು ಊರಿನ ಎರಡೂ ಹೆಸರು ಹಾಕಿದಳು, ಜಿಎಸ್‌ಟಿ ಸೇರಿಸಿದಳು. ಮಾರನೇ ದಿನ ಹುಡುಕಿದರೆ ಹೆಸರು ಬಂತು! ಗೆಳೆಯ ಅಷ್ಟಕ್ಕೇ ಬಿಡಲಿಲ್ಲ, ‘ನಾವು ಹೀಗೂ ಹುಡುಕುತ್ತೇವೆ’ ಎಂದು ‘ನಾಟ್ ಟ್ರೈನಿ’ ಸೇರಿಸಿದ. ಹೆಸರು ಮತ್ತೆ ಮಾಯ. ಕೊನೆಯ ಸಾಲಿನಲ್ಲಿ, ಮಂಡಿಗೆ ಹೊಸದಾಗಿ ಬಂದ ಟ್ರೈನಿಗೆ ಕೆಲಸ ಕಲಿಸಿದ್ದೇನೆ ಅಂತ ಬರೆದುಕೊಂಡಿದ್ದಳು.

“ಹಾಗಾದ್ರೆ ಕಲಿಸಿದ್ದೇ ತಪ್ಪಾ ಮಾವ?” ಅಂದಳು.