ಟ್ಯಾಂಕ್ ಫುಲ್, ಮುಳ್ಳು ಮಾತ್ರ ಅರ್ಧ

ಗೆಳೆಯನ ಬೋಟಿಗೆ ಬೆಳಿಗ್ಗೆಯಷ್ಟೇ ಡೀಸೆಲ್ ತುಂಬಿಸಿದ್ದೆವು. ಆದರೂ ಮೀಟರಿನ ಮುಳ್ಳು ಅರ್ಧದಿಂದ ಮೇಲೇಳಲಿಲ್ಲ. "ಮೀಟರ್ ಹೋಯ್ತು ಮಾರಾಯ, ಹೊಸದು ಹಾಕಿಸ್ಬೇಕು" ಅಂದ. ನಾನು ಒಂದು ತುಂಡು ವೈರ್ ಕೇಳಿದೆ.

ಈ ಮುಳ್ಳಿಗೆ ಡೀಸೆಲ್ ಎಷ್ಟಿದೆ ಅಂತ ಗೊತ್ತೇ ಇರುವುದಿಲ್ಲ. ಟ್ಯಾಂಕಿನೊಳಗೆ ಸೆಂಡರ್ ಅಂತ ಒಂದಿದೆ. ಡೀಸೆಲ್ ಮೇಲೆ ತೇಲುವ ಅದರ ಫ್ಲೋಟ್ ಏರಿಳಿದ ಹಾಗೆ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್, ಬದಲಾಗುತ್ತದೆ. ಮೀಟರ್ ತೋರಿಸುವುದು ಅದನ್ನೇ. ಅಮೆರಿಕನ್ ಪದ್ಧತಿಯಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ್ದಕ್ಕೆ 33. ಯುರೋಪಿನದು ಉಲ್ಟಾ: ಖಾಲಿಗೆ 10, ತುಂಬಿದರೆ 180. ಒಂದರ ಮೀಟರಿಗೆ ಇನ್ನೊಂದರ ಸೆಂಡರ್ ಹಾಕಿದರೆ ಡೀಸೆಲ್ ಖರ್ಚಾದಷ್ಟೂ ಮುಳ್ಳು ಮೇಲೇರುತ್ತದೆ!

ಇವನದು ಅಮೆರಿಕನ್ ಮೀಟರ್. ಕೀ ಆನ್ ಮಾಡಿ, ಹಿಂಬದಿಯ 'ಎಸ್' ತಿರುಪಿನಿಂದ ಸೆಂಡರ್ ವೈರ್ ಬಿಚ್ಚಿದೆ. ಮುಳ್ಳು ಖಾಲಿಗೆ ಇಳಿಯಿತು. ತುಂಡು ವೈರಿನಿಂದ 'ಎಸ್' ಮತ್ತು ಅರ್ಥಿನ 'ಜಿ' ತಿರುಪು ಸೇರಿಸಿದೆ. ಟಕ್ಕಂತ ಫುಲ್ ದಾಟಿತು. ಅಂದರೆ ಮೀಟರ್ ಸರಿಯಾಗಿಯೇ ಇದೆ, ತೊಂದರೆ ಟ್ಯಾಂಕಿನ ಕಡೆ. (ಕರೆಂಟ್ ಬರುವ 'ಐ' ತಿರುಪಿಗೆ ಮಾತ್ರ ಈ ವೈರ್ ತಾಗಬಾರದು, ಫ್ಯೂಸ್ ಹೋದೀತು.)

ಟ್ಯಾಂಕಿನ ಮೇಲೆ ಸೆಂಡರಿನ ಅರ್ಥ್ ವೈರ್ ನೋಡಿದರೆ ತುದಿಗೆಲ್ಲ ಹಸಿರು ಕಿಲುಬು. ಉಪ್ಪುಗಾಳಿಗೆ ತಾಮ್ರ ಇನ್ನೇನಾಗುತ್ತದೆ? ಇಂಥ ಕಿಲುಬೇ 70 ಓಮ್ ಸೇರಿಸಿತು ಅಂದುಕೊಳ್ಳಿ. ಸೆಂಡರಿನ 33ಕ್ಕೆ ಕೂಡಿಸಿದರೆ 103. ಮೀಟರಿನ ಲೆಕ್ಕದಲ್ಲಿ ಅದು ಹೆಚ್ಚುಕಮ್ಮಿ ಅರ್ಧ ಟ್ಯಾಂಕ್! ತುದಿ ಕತ್ತರಿಸಿ, ಹೊಸ ಲಗ್ (ತಿರುಪಿಗೆ ಕೂರುವ ಲೋಹದ ಬಳೆ) ಒತ್ತಿ, ತಿರುಪು ಉಜ್ಜಿ ಬಿಗಿದೆವು. ಮುಳ್ಳು ಮೇಲೆ ಹೋಯಿತು. ಇದು ಡೀಸೆಲ್ ಬೋಟ್, ಅದಕ್ಕೇ ಇಷ್ಟು ಧೈರ್ಯ. ಪೆಟ್ರೋಲ್ ಆಗಿದ್ದರೆ ಮೊದಲು ಗಾಳಿಯಾಡಿಸಿ, ಆವಿ ಪೂರ್ತಿ ಹೋದ ಮೇಲೇ ವೈರ್ ಮುಟ್ಟಬೇಕು. ಒಂದು ಕಿಡಿ ಸಾಕು.

ಅರ್ಥ್ ಚೆನ್ನಾಗಿದ್ದರೆ ಆಮೇಲೆ ಫ್ಲೋಟಿನ ಸರದಿ: ಸಿಕ್ಕಿಕೊಂಡಿರಬಹುದು, ತೂತಾಗಿ ಮುಳುಗಿರಬಹುದು.

ಎಲ್ಲ ಸರಿ ಇದ್ದರೂ ಮುಳ್ಳನ್ನು ಪೂರ್ತಿ ನಂಬುವ ಹಾಗಿಲ್ಲ. ಬೋಟ್ ಜೋರಾಗಿ ಹೊರಟರೆ ಮೂತಿ ಮೇಲೇಳುತ್ತದೆ, ಡೀಸೆಲ್ ಹಿಂದಕ್ಕೆ ಸರಿಯುತ್ತದೆ. ಟ್ಯಾಂಕೂ ಎಷ್ಟೋ ಸಲ ಬೋಟಿನ ತಳದ ಹಾಗೆ ಕೆಳಗೆ ಚೂಪು. ಪೂರ್ತಿ 'ವಿ' ಆಕಾರದ್ದಾದರೆ ಅರ್ಧ ಎತ್ತರದಲ್ಲಿ ಉಳಿದಿರುವುದು ಕಾಲು ಭಾಗ ಮಾತ್ರ. ಗೆಳೆಯ ಡೀಸೆಲ್ ಅಳೆಯಲು ಗುರುತು ಕೊರೆದ ಕೋಲನ್ನು ಇನ್ನೂ ಸೀಟಿನ ಕೆಳಗೇ ಇಟ್ಟುಕೊಂಡಿದ್ದಾನೆ.